ಬದಲಾಗದ ಅರವತ್ತೆರಡು

ಮಸ್ಕಿಯ ಹೊರಗೆ, ಲಿಂಗಸುಗೂರು ರಸ್ತೆಯ ಬದಿಗಿದ್ದ ನೀರಿನ ಘಟಕದಲ್ಲಿ ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂದು ಎಂಟು ದಿನವಾಗಿತ್ತು. ಆ ಎಂಟು ದಿನವೂ ಸಿಂಧನೂರಿನ ಒಂದು ಖಾಸಗಿ ವಸತಿ ಶಾಲೆಗೆ ನೀರಿನ ರೀಡಿಂಗ್ ಹೋಗಿರಲಿಲ್ಲ. ನೀರಿನ ಕ್ಯಾನುಗಳು ಮಾತ್ರ ತಪ್ಪದೆ ಹೋಗುತ್ತಿದ್ದವು. ಶಾಲೆಯವರು ಈ ಘಟಕದ ನೀರು ಕೊಳ್ಳಲು ಒಪ್ಪಿದ್ದೇ ಒಂದು ಷರತ್ತಿನ ಮೇಲೆ: ಟ್ಯಾಂಕಿನಲ್ಲಿರುವ ನೀರು ಎಷ್ಟು ಶುದ್ಧವಿದೆ ಎಂಬುದು ತಮ್ಮ ಆಫೀಸಿನ ಪರದೆಯ ಮೇಲೆ ಯಾವಾಗಲೂ ಕಾಣುತ್ತಿರಬೇಕು. ಎಂಟನೆಯ ದಿನ ಶಾಲೆಯಿಂದ ಬಿಗಿಯಾದ ಫೋನ್ ಬಂತು. ಘಟಕದ ಮಾಲಕ ಸಿದ್ದಲಿಂಗೇಶ ಕೂಡಲೇ ಲಿಂಗಸುಗೂರಿನ ಮುಕ್ತಿಯಾರನಿಗೆ ಫೋನ್ ಮಾಡಿದ. ಮುಕ್ತಿಯಾರ್ ಅಂಬಿಕಾಳನ್ನು ಕಳಿಸಿದ.

ಅಂಬಿಕಾ ಗುರುಗುಂಟಾದವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಆರು ವರ್ಷದಿಂದ ಮುಕ್ತಿಯಾರನ ದುರಸ್ತಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಕ್ಕಿ ಗಿರಣಿಯ ತೂಕದ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವುದು, ಪೆಟ್ರೋಲ್ ಬಂಕಿನ ಬಿಲ್ಲಿನ ಯಂತ್ರ ಸರಿ ಮಾಡುವುದು, ನೀರಿನ ಘಟಕಗಳ ಮೀಟರಿನ ಲಿಂಕ್ ಹಾಕುವುದು, ಇವೆಲ್ಲ ಅವಳ ಕೆಲಸ. ಮೂರು ತಾಲ್ಲೂಕು ಸುತ್ತಿ ಹನ್ನೊಂದು ನೀರಿನ ಘಟಕಗಳಿಗೆ ಅವಳೇ ಲಿಂಕ್ ಹಾಕಿದ್ದಳು. ಮಸ್ಕಿಯ ಈ ಘಟಕಕ್ಕೆ ಮಾತ್ರ ಅವಳಿಗಿಂತ ಮುಂಚೆ ಅಂಗಡಿಯಲ್ಲಿದ್ದ ಒಬ್ಬಾತ ಬಂದು ಹೋಗಿದ್ದ. ಹಾಗಾಗಿ ಇಲ್ಲಿಗೆ ಇದೇ ಮೊದಲು.

ಮೇ ತಿಂಗಳು. ಬಸ್ಸಿಳಿದು ಅರ್ಧ ಕಿಲೋಮೀಟರ್ ನಡೆಯುವಷ್ಟರಲ್ಲಿ ಬೆನ್ನಿನ ಮೇಲಿನ ಲ್ಯಾಪ್‌ಟಾಪ್ ಚೀಲ ಬೆವರಿನಿಂದ ಅಂಟಿಕೊಂಡಿತ್ತು. ಘಟಕದ ಆಫೀಸಿನ ಗಾಜಿನ ಬಾಗಿಲು ತೆಗೆದಾಗ ಎಸಿಯ ತಂಪು ಮುಖಕ್ಕೆ ಹೊಡೆದು, ಅವಳಿಗೆ ಒಂದು ಗಳಿಗೆ ಅಲ್ಲೇ ನಿಲ್ಲಬೇಕೆನಿಸಿತು.

ಒಳಗೆ ಸಿದ್ದಲಿಂಗೇಶನ ತಾಯಿ ಕಸ್ತೂರೆಮ್ಮ ಕೂತಿದ್ದಳು. ಹಣೆ ತುಂಬ ವಿಭೂತಿ, ಮಡಿಲಲ್ಲಿ ಕನ್ನಡಕದ ಡಬ್ಬಿ. ಕ್ಯಾನುಗಳ ಆರ್ಡರು ಫೋನಿನಲ್ಲಿ ಬರೆದುಕೊಳ್ಳುವುದು ಅವಳ ಪಾಲಿನ ಕೆಲಸವಂತೆ.

“ಬಾರವ್ವಾ, ಕುಂದ್ರು. ಯಾವೂರು ನಿಂದು?”

“ಗುರುಗುಂಟಾ ರೀ.”

“ಗುರುಗುಂಟಾದಾಗ ಯಾರ ಪೈಕಿ?”

ಈ ಪ್ರಶ್ನೆ ಎಲ್ಲಿಗೆ ಹೋಗುತ್ತದೆಂದು ಅಂಬಿಕಾಳಿಗೆ ಗೊತ್ತಿತ್ತು. ಅವಳು ಉತ್ತರ ಹೇಳದೆ ಚೀಲ ಇಳಿಸಿ, ಬೀಗದ ಕೈಗೊಂಚಲನ್ನು ಮೇಜಿನ ಮೇಲಿಟ್ಟಳು. ಗೊಂಚಲಿನಲ್ಲಿ ಹಿತ್ತಾಳೆಯ ಪುಟ್ಟ ಬುದ್ಧನಿದ್ದ. ಕಸ್ತೂರೆಮ್ಮ ಅದನ್ನು ನೋಡಿದಳು. “ಹಾಂ” ಅಂದಳು. ತುಸು ಹಿಂದಕ್ಕೆ ಸರಿದು ಕೂತಳು, ಸೀರೆಯ ಸೆರಗನ್ನು ಮೊಣಕಾಲ ಮೇಲೆ ಎಳೆದುಕೊಂಡಳು.

ಮೂಲೆಯಲ್ಲಿ ಮಣೆಯ ಮೇಲೆ ತಾಮ್ರದ ಕೊಡ ಇತ್ತು, ಅದರ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಬೋರಲು ಹಾಕಿದ ತಂಬಿಗೆ. ಕಸ್ತೂರೆಮ್ಮ ಅತ್ತ ಕೈಮಾಡಲಿಲ್ಲ. ಹೊರಗೆ ಕ್ಯಾನು ತುಂಬುತ್ತಿದ್ದವನನ್ನು ಕೂಗಿದಳು.

“ದಾದೇಸಾಬಾ, ಈಕಿಗೆ ಕ್ಯಾನಿನ್ಯಾಗಿನ ನೀರು ಕೊಡು. ಪೇಪರ್ ಕಪ್ಪಿನ್ಯಾಗ ಕೊಡು.”

ದಾದೇಸಾಬ ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಪೇಪರ್ ಕಪ್ಪು ತಂದುಕೊಟ್ಟ. ಕೊಡುವಾಗ ಅವಳ ಮುಖ ನೋಡಲಿಲ್ಲ. ಅಂಬಿಕಾಳಿಗೆ ಕಪ್ಪಿನ ವಿಷಯ ಹೊಸದಲ್ಲ. ಕೆಲಸಕ್ಕೆ ಹೋದ ಎಷ್ಟೋ ಕಡೆ ಸ್ಟೀಲಿನ ಲೋಟಗಳು ಕಣ್ಣೆದುರಿಗೇ ಇದ್ದು, ಅವಳಿಗೆ ಪೇಪರ್ ಕಪ್ಪು ಬಂದಿದ್ದುಂಟು. ನೀರು ತಣ್ಣಗಿತ್ತು, ಬಾಯಾರಿತ್ತು. ಅವಳು ಎರಡು ಕಪ್ಪು ಕುಡಿದು ಕೆಲಸಕ್ಕೆ ಕೂತಳು.

ಗೋಡೆಯ ಮೇಲೆ ಅಂಗೈಯಗಲದ ಬೂದು ಬಣ್ಣದ ಡಬ್ಬಿ ಇತ್ತು. ಅದರ ಬೆನ್ನಿನ ಮೇಲೆ ‘ಡಿಜಿಟಲ್ ಟರ್ಮಿನಲ್ ಅಡಾಪ್ಟರ್’ ಎಂದು ಅಚ್ಚಾಗಿದ್ದರೂ ಮುಕ್ತಿಯಾರನ ಅಂಗಡಿಯಲ್ಲಿ ಎಲ್ಲರೂ ಡಬ್ಬಿ ಅನ್ನುವುದೇ ರೂಢಿ. ಟ್ಯಾಂಕಿನ ನೀರಿನಲ್ಲಿ ಮುಳುಗಿಸುವ ಮೀಟರಿನ ಕಡ್ಡಿಯಿಂದ, ಅಂದರೆ ಪ್ರೋಬಿನಿಂದ, ಬಂದ ತಂತಿ ಡಬ್ಬಿಯ ಒಂದು ಕಿವಿಗೆ, ಕಂಪ್ಯೂಟರಿನ ತಂತಿ ಇನ್ನೊಂದು ಕಿವಿಗೆ. ಮೀಟರ್ ಹೇಳಿದ್ದನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಮಾಡಿ ಮುಟ್ಟಿಸುವುದು ಡಬ್ಬಿಯ ಕೆಲಸ. ಅದಕ್ಕೆ ಪರದೆ ಇಲ್ಲ, ಗುಂಡಿ ಇಲ್ಲ. ಏನು ಹೇಳಬೇಕಾದರೂ ಕಂಪ್ಯೂಟರಿನ ಕಪ್ಪು ಕಿಟಕಿಯಲ್ಲಿ ಅಕ್ಷರ ಟೈಪು ಮಾಡಿಯೇ ಹೇಳಬೇಕು.

ಹೊಸ ಕಂಪ್ಯೂಟರಿಗೆ ಹಳೆಯ ಒಂಬತ್ತು ಸೂಜಿಯ ತಂತಿ ಕೂಡುತ್ತಿರಲಿಲ್ಲ. ಅವಳು ಚೀಲದಿಂದ ಕನ್ವರ್ಟರ್ ತೆಗೆದು ನಡುವೆ ಹಾಕಿದಳು. ಕಪ್ಪು ಕಿಟಕಿ ತೆರೆದು ‘ಎಟಿ’ ಎಂದು ಟೈಪಿಸಿ ಎಂಟರ್ ಒತ್ತಿದಳು. ಆ ಎರಡು ಅಕ್ಷರವೆಂದರೆ, ಒಳಗೆ ಯಾರಾದರೂ ಇದ್ದೀರಾ ಎಂದು ಬಾಗಿಲಲ್ಲಿ ನಿಂತು ಕೂಗಿದ ಹಾಗೆ. ಡಬ್ಬಿ ಎಚ್ಚರವಿದ್ದರೆ ‘ಓಕೆ’ ಅನ್ನುತ್ತದೆ.

ಡಬ್ಬಿ ಓಕೆ ಅನ್ನಲಿಲ್ಲ. ಕಿಟಕಿಯ ತುಂಬ ಚೌಕಗಳು, ಗೀಟುಗಳು, ಯಾವ ಭಾಷೆಯದೂ ಅಲ್ಲದ ಗೊಜ್ಜು. ಅವಳಿಗೆ ಸಮಾಧಾನವಾಯಿತು. ಗೊಜ್ಜಾದರೂ ಬಂತೆಂದರೆ ತಂತಿ ಸರಿಯಿದೆ, ಇಬ್ಬರ ಮಾತಿನ ವೇಗ ಮಾತ್ರ ಕೂಡುತ್ತಿಲ್ಲ. ಹೊಸ ಕಂಪ್ಯೂಟರ್ ಬಹಳ ಜೋರಾಗಿ ಮಾತಾಡುತ್ತಿತ್ತು, ಹಳೆಯ ಡಬ್ಬಿಗೆ ಅದು ಹಿಡಿಸುತ್ತಿರಲಿಲ್ಲ. ಅವಳು ಒಂದೊಂದೇ ಮೆಟ್ಟಿಲು ವೇಗ ಇಳಿಸುತ್ತ, ಪ್ರತಿ ಸಲ ಎಟಿ ಎಂದು ಕೂಗುತ್ತ ಹೋದಳು. ಒಂಬತ್ತು ಸಾವಿರದ ಆರುನೂರಕ್ಕೆ ಬಂದಾಗ ಚೊಕ್ಕಟವಾಗಿ ಎರಡು ಅಕ್ಷರ ಮೂಡಿದವು: ಓಕೆ.

ಆರು ವರ್ಷವಾದರೂ ಆ ಉತ್ತರ ಬಂದಾಗ ಅವಳಿಗೆ ಖುಷಿಯಾಗುವುದು ತಪ್ಪಿರಲಿಲ್ಲ. ಮುಂದಿನ ಆಜ್ಞೆಗಳು ಕೈಗೆ ಬಾಯಿಪಾಠ. ನಾನು ಬರೆದದ್ದನ್ನು ನನಗೆ ತಿರುಗಿ ತೋರಿಸು. ಇನ್ನು ಮೇಲೆ ಇದೇ ವೇಗದಲ್ಲಿರು. ಪ್ರತಿ ನಿಮಿಷಕ್ಕೊಮ್ಮೆ ರೀಡಿಂಗ್ ಕೊಡು. ಕರೆಂಟು ಹೋಗಿ ಬಂದರೂ ಇದನ್ನೆಲ್ಲ ಮರೆಯಬೇಡ. ಒಂದೊಂದಕ್ಕೂ ಡಬ್ಬಿ ಓಕೆ ಅಂದಿತು. ಅವಳು ಕಪ್ಪು ಕಿಟಕಿ ಮುಚ್ಚಿ ರೀಡಿಂಗಿನ ಪ್ರೋಗ್ರಾಮು ತೆರೆದಳು.

ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಉಪ್ಪಿನಂಶ, ಅರವತ್ತೆರಡು. ಬಗ್ಗಡ ಸೊನ್ನೆ. ಉಷ್ಣತೆ ಇಪ್ಪತ್ಮೂರು.

ಅಷ್ಟೊತ್ತಿಗೆ ಸಿದ್ದಲಿಂಗೇಶ ಒಳಗೆ ಬಂದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಪರದೆ ನೋಡಿ ಚಪ್ಪಾಳೆ ತಟ್ಟಿದ.

“ಬಂತಲ್ಲ! ಅರವತ್ತೆರಡು! ನಮ್ಮ ನೀರಂದ್ರ ನೀರು. ಕೆಲಸದ ಹಾಳಿಗೆ ಸಹಿ ಮಾಡಿಬಿಡು ತಂಗಿ, ಹನ್ನೆರಡರ ಬಸ್ಸು ಸಿಗತೈತಿ.”

“ಒಂದು ಟೆಸ್ಟ್ ಐತ್ರಿ ಅಣ್ಣಾರ.” ಅಂಬಿಕಾ ಚೀಲದಿಂದ ಉಪ್ಪುನೀರಿನ ಸೀಸೆ ತೆಗೆದಳು. “ಟ್ಯಾಂಕಿನ್ಯಾಗಿನ ಪ್ರೋಬ್ ತೆಗೆದು ಈ ಸೀಸೆದಾಗ ಅದ್ದಬೇಕು. ರೀಡಿಂಗ್ ಬದಲಾದ್ರ ಎಲ್ಲಾ ಬರೋಬ್ಬರಿ ಅಂತ ಬರೀಬೇಕು.”

“ಅದೆಲ್ಲ ಬ್ಯಾಡ ಬಿಡು. ಹಿಂದ ಬಂದಾವ ಏನೂ ಅದ್ದಿಲ್ಲ. ಲಿಂಕ್ ಮಾಡು ಅಂತ ಕರೆಸೀವಿ, ಲಿಂಕ್ ಆತು.”

ಅವಳು ಒಪ್ಪಿಬಿಡುತ್ತಿದ್ದಳೇನೋ. ಹಾಳೆಯಲ್ಲಿನ ಟೆಸ್ಟಿನ ಸಾಲಿಗೆ ಸುಮ್ಮನೆ ಗೀಟು ಹಾಕಿ ಸಹಿ ಮಾಡಿದ ಕಡೆಗಳೂ ಇದ್ದವು. ಆದರೆ ಪರದೆಯ ಮೇಲೆ ಮತ್ತೊಮ್ಮೆ ಕಣ್ಣು ಹೋಯಿತು. ಅರವತ್ತೆರಡು, ಸೊನ್ನೆ, ಇಪ್ಪತ್ಮೂರು. ನಿಮಿಷ ಕಳೆಯಿತು. ಅರವತ್ತೆರಡು, ಸೊನ್ನೆ, ಇಪ್ಪತ್ಮೂರು. ಹೊರಗೆ ಪಂಪು ಶುರುವಾಗಿ ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಒಂದು ಅಂಕೆಯೂ ಅಲ್ಲಾಡಲಿಲ್ಲ.

ಇಪ್ಪತ್ಮೂರು ಡಿಗ್ರಿ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲಿದೆ. ಆ ಬಿಸಿಲಿನಲ್ಲಿ ನಿಂತ ಟ್ಯಾಂಕಿನ ನೀರು ಇಪ್ಪತ್ಮೂರು ಹೇಗಾದೀತು? ಅವಳು ತಲೆಯೆತ್ತಿ ಗೋಡೆಯ ಎಸಿಯನ್ನು ನೋಡಿದಳು. ಅದರ ಹೊಟ್ಟೆಯ ಮೇಲೆ ಹಸಿರು ಅಂಕೆ ಉರಿಯುತ್ತಿತ್ತು: ಇಪ್ಪತ್ಮೂರು.

ಅಂಬಿಕಾ ಎದ್ದು, ಡಬ್ಬಿಯಿಂದ ಹೊರಟ ಮೀಟರಿನ ತಂತಿಯನ್ನು ಬೆರಳಲ್ಲಿ ಹಿಡಿದು ಗೋಡೆಗುಂಟ ನಡೆದಳು. ತಂತಿ ಕಿಟಕಿಯ ಕಡೆಗೆ ಹೋಗಲಿಲ್ಲ. ಕಬ್ಬಿಣದ ಅಲಮಾರದ ಹಿಂದೆ ಇಳಿಯಿತು. ಅಲ್ಲಿ ಮಾರುಗಟ್ಟಲೆ ತಂತಿ ಸುರುಳಿ ಸುತ್ತಿ ಬಿದ್ದಿತ್ತು, ತುದಿ ಅಲಮಾರದ ಕೆಳಗಿನ ಖಾನೆಯೊಳಗೆ ಹೋಗಿತ್ತು.

“ಏ, ಅಲ್ಯಾಕ ಕೈ ಹಾಕ್ತಿ?” ಅಂದ ಸಿದ್ದಲಿಂಗೇಶ.

ಅವಳು ಖಾನೆಯ ಬಾಗಿಲು ಎಳೆದಳು. ಒಳಗೆ ಅಂಗಡಿಯಲ್ಲಿ ಸಿಗುವ ಎರಡು ಲೀಟರಿನ ನೀರಿನ ಬಾಟಲಿ. ಅದರ ಬಾಯಲ್ಲಿ ಪ್ರೋಬ್ ತುರುಕಿ ಸುತ್ತ ಪ್ಲಾಸ್ಟಿಕ್ ಟೇಪು ಬಿಗಿದಿದ್ದರು. ಮೀಟರ್ ಅಷ್ಟು ದಿನ ಅಳೆಯುತ್ತಿದ್ದದ್ದು ಬೇರೆ ಯಾರೋ ಶುದ್ಧ ಮಾಡಿ ಮಾರಿದ ಆ ಎರಡು ಲೀಟರ್ ನೀರನ್ನು.

ಕಸ್ತೂರೆಮ್ಮ ಕನ್ನಡಕ ತೆಗೆದು ಒರೆಸತೊಡಗಿದಳು. ಅಂಬಿಕಾ ಬಾಗಿಲು ನೂಕಿಕೊಂಡು ಹೊರಗೆ ಹೋದಳು. ಹಿಂದಿನಿಂದ ಸಿದ್ದಲಿಂಗೇಶ ಕೂಗಿದ್ದು ಕೇಳಿಸಿದರೂ ನಿಲ್ಲಲಿಲ್ಲ.

ಟ್ಯಾಂಕು ಶೆಡ್ಡಿನ ಹಿಂದೆ ಎದೆಮಟ್ಟದ ಕಟ್ಟೆಯ ಮೇಲಿತ್ತು. ಸಿಮೆಂಟಿನದು, ಮೇಲೆ ತಗಡಿನ ಹಾಳೆ ಹೊದಿಸಿ ಕಲ್ಲು ಹೇರಿದ್ದರು. ದಾದೇಸಾಬ ಏಣಿಗೆ ಅಡ್ಡ ನಿಂತ.

“ನೋಡಬ್ಯಾಡ ಬೇಟಿ.”

“ಬಾಜೂಕ ಸರೀರಿ ಚಾಚಾ.”

ಅವನು ಒಂದು ಗಳಿಗೆ ನಿಂತು, ಆಮೇಲೆ ಸರಿದ. ಅವಳು ಏಣಿ ಹತ್ತಿ ಕಲ್ಲು ಜರುಗಿಸಿ ತಗಡು ಎತ್ತಿದಳು.

ಮೊದಲು ವಾಸನೆ ಬಂತು. ಕೊಳೆತ ಗರಿ, ಪಾಚಿ, ಯಾವುದೋ ಹಳೆಯ ಎಣ್ಣೆ ಎಲ್ಲ ಸೇರಿದ ವಾಸನೆ. ಆಮೇಲೆ ಕಣ್ಣಿಗೆ ಕಂಡಿತು. ಗೋಡೆಯ ಸುತ್ತ ಕೈ ದಪ್ಪದ ಲೋಳೆ, ಅದರಲ್ಲಿ ಕೆಂಪು ಹುಳಗಳು ದಾರದ ತುಂಡುಗಳಂತೆ ಹೊರಳುತ್ತಿದ್ದವು. ನೀರಿನ ಮೇಲೆ ಬಿಳಿಯ ಕೆನೆ. ಕೆನೆಯ ನಡುವೆ ಎರಡು ಪಾರಿವಾಳ, ಒಂದು ಇನ್ನೂ ಪಾರಿವಾಳದ ಹಾಗೇ ಇತ್ತು, ಇನ್ನೊಂದು ಉಬ್ಬಿ ಒಡೆದು ಚರ್ಮ ಸುಲಿದು ತೇಲುತ್ತಿತ್ತು. ಕೆರೆಯಿಂದ ಬಂದ ಪೈಪು ನೇರವಾಗಿ ಅದರ ಮೇಲೇ ನೀರು ಸುರಿಯುತ್ತಿತ್ತು. ಕೆಳಗಿನಿಂದ ಹೊರಟ ಪೈಪು ತಣ್ಣಗೆ ಮಾಡುವ ಯಂತ್ರಕ್ಕೆ, ಅಲ್ಲಿಂದ ಕ್ಯಾನುಗಳಿಗೆ. ನಡುವೆ ಶುದ್ಧ ಮಾಡುವ ಯಂತ್ರದ ಪೈಪುಗಳು ಯಾವ ಕಾಲದಲ್ಲೋ ಬಿಚ್ಚಿ, ಬಾಯಿಗೆ ಬಟ್ಟೆ ತುರುಕಿಸಿಕೊಂಡು ನಿಂತಿದ್ದವು.

ಅಂಬಿಕಾಳಿಗೆ ಎರಡು ಪೇಪರ್ ಕಪ್ಪುಗಳ ನೆನಪಾಯಿತು. ತಾನು ಅದನ್ನು ಸುಖವಾಗಿ ಕುಡಿದದ್ದು, ಎರಡನೆಯ ಕಪ್ಪನ್ನು ತಾನಾಗಿಯೇ ಕೇಳಿದ್ದು. ಏಣಿ ಇಳಿದು ಗೋಡೆಗೆ ಕೈಕೊಟ್ಟು ವಾಂತಿ ಮಾಡಿಕೊಂಡಳು. ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ಓಕರಿಕೆ ನಿಲ್ಲಲಿಲ್ಲ. ಬಾಯಿ ತೊಳೆಯಲು ಅಲ್ಲಿದ್ದ ನಲ್ಲಿಯತ್ತ ಕೈ ಹೋಗಿ, ಮತ್ತೆ ಹಿಂದಕ್ಕೆ ಬಂತು.

ದಾದೇಸಾಬ ತನ್ನ ಸೈಕಲ್ಲಿಗೆ ನೇತುಹಾಕಿದ್ದ ಬಾಟಲಿ ತಂದುಕೊಟ್ಟ. “ಇದು ಮನೀದೈತಿ.”

“ನೀವು ಇಲ್ಲಿಂದು ಕುಡಿಯಂಗಿಲ್ಲ.”

“ಇಲ್ಲ.”

“ಅವ್ರು?”

“ಅಮ್ಮೋರು ಮನೀಲಿಂದ ಕೊಡ ತರಸ್ತಾರ. ಮಾಲಕನೂ ಅದನ್ನ ಕುಡೀತಾನ.” ಅವನು ನೆಲ ನೋಡುತ್ತ ಹೇಳಿದ. “ತಿಂಗಳಿಗೊಮ್ಮೆ ಜಾಲರಿ ಹಾಕಿ ಪಾರಿವಾಳ ತೆಗೀತೀನಿ. ತಗಡು ಬದಲಿ ಮಾಡ್ರಿ ಅಂತ ಹೇಳೀನಿ. ಹೇಳಿ ಹೇಳಿ ಬಿಟ್ಟೀನಿ.”

“ನನಗ ಕಪ್ಪು ಕೊಟ್ಟಾಗ ಹೇಳಬೇಕಿತ್ತಲ್ಲ ಚಾಚಾ.”

ಅವನ ಮೇಲೂ ಅವಳಿಗೆ ಅಸಹ್ಯ ಬಂತು. ಆದರೂ ಅವನು ಕೊಟ್ಟ ನೀರಿನಲ್ಲೇ ಬಾಯಿ ಮುಕ್ಕಳಿಸಿದಳು.

ಒಳಗೆ ಸಿದ್ದಲಿಂಗೇಶ ಫೋನು ಹಿಡಿದು ಕಾಯುತ್ತಿದ್ದ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಬಸ್ಸು ತಡವಾದವರ ಮುಖದಲ್ಲಿರುವ ಕಿರಿಕಿರಿ ಇತ್ತು.

“ನಿಮ್ಮ ಮುಕ್ತಿಯಾರ್ ಅದಾನ, ಮಾತಾಡು.”

“ಅಂಬಿಕಾ,” ಮುಕ್ತಿಯಾರನ ದನಿ ಮೆತ್ತಗಿತ್ತು, “ಲಿಂಕ್ ಆಗೇತೇನು?”

“ಆಗೇತ್ರಿ ಭಾಯ್. ಆದ್ರ ಪ್ರೋಬ್ ಟ್ಯಾಂಕಿನ್ಯಾಗಿಲ್ಲ. ಬಾಟ್ಲಿಯಾಗ ಇಟ್ಟಾರ. ಟ್ಯಾಂಕಿನ್ಯಾಗ ಹುಳ ಅದಾವ. ಸತ್ತ ಹಕ್ಕಿ ಅದಾವ. ಅದನ್ನ ಮಕ್ಕಳಿಗೆ ಕಳಸಾಕತ್ತಾರ.”

ಫೋನಿನಲ್ಲಿ ಸ್ವಲ್ಪ ಹೊತ್ತು ಮೌನ. ಆ ಮೌನ ಕೇಳಿಯೇ ಅವಳಿಗೆ ತಿಳಿಯಿತು.

“ನಿಮಗ ಗೊತ್ತಿತ್ತು.”

“ನೋಡು, ಡಬ್ಬಿಯಿಂದ ಕಂಪ್ಯೂಟರಿನ ತನಕ ನಮ್ಮ ಜವಾಬ್ದಾರಿ. ಆ ಕಡೆ ಏನೈತಿ ಅಂತ ನೋಡೋದು ನಮ್ಮ ಕೆಲಸ ಅಲ್ಲ. ಸಹಿ ಮಾಡಿ ಬಾ. ಹಠ ಮಾಡಬ್ಯಾಡ.”

ಆರು ವರ್ಷ ಅವಳು ಈ ಮನುಷ್ಯನನ್ನು ಗೌರವಿಸಿದ್ದಳು. ಕಮಾಂಡುಗಳನ್ನು ಒಂದೊಂದಾಗಿ ಕಲಿಸಿದ್ದು ಇವನೇ. ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಸಾಲಿನ ಲೋಟದಲ್ಲಿ ಚಹಾ ಕೊಡಿಸುತ್ತಿದ್ದವನೂ ಇವನೇ. ಈಗ ಅವನ ದನಿ ಕಿವಿಗೆ ಅಂಟಿದಂತಾಗಿ ಅವಳು ಫೋನನ್ನು ದೂರ ಹಿಡಿದಳು. ಅದಕ್ಕಿಂತ ಕೆಟ್ಟ ಯೋಚನೆ ಒಂದು ಅದರ ಹಿಂದೆಯೇ ಬಂತು. ಹನ್ನೊಂದು ಘಟಕಗಳಿಗೆ ನಾನು ಲಿಂಕ್ ಹಾಕಿದ್ದೆ. ಅದರಲ್ಲಿ ಎಷ್ಟು ಕಡೆ ತಂತಿಯ ಆ ತುದಿ ಎಲ್ಲಿದೆಯೆಂದು ನೋಡಿದ್ದೆ? ಓಕೆ ಎಂಬ ಎರಡು ಅಕ್ಷರ ನೋಡಿ ಖುಷಿಪಟ್ಟು ಎದ್ದು ಬಂದಿದ್ದೆ.

ಸಿದ್ದಲಿಂಗೇಶ ಫೋನು ಇಸಿದುಕೊಂಡು ಬೈಕಿನ ಕೀಲಿ ತೆಗೆದ. “ಊಟಕ್ಕ ಹೋಗಿ ಬರತೀನಿ. ಬರೋದ್ರಾಗ ಸಹಿ ಆಗಿರಲಿ. ಕ್ಯಾನಿನ ನೀರು ಕುಡಿದು ಯಾರೂ ಸತ್ತಿಲ್ಲ.” ಹೊಸ್ತಿಲಲ್ಲಿ ನಿಂತು ತಾಯಿಗೆ ಹೇಳಿದ: “ಬೇ, ಆಕಿ ಕುಂತ ಕುರ್ಚಿ ಆಮ್ಯಾಲ ಒರಸು.”

ಅವನು ಹೋದ ಮೇಲೆ ಅಂಬಿಕಾ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆ ಕುರ್ಚಿಯನ್ನು ನೋಡಿದಳು, ತಾಮ್ರದ ಕೊಡವನ್ನು ನೋಡಿದಳು. ಸತ್ತ ಪಾರಿವಾಳದ ನೀರು ಮಾರುವ ಮನುಷ್ಯನಿಗೆ ತಾನು ಕೂತ ಕುರ್ಚಿ ಹೊಲಸು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೇಸಿಗೆ ತುಳಿದಾಗ ಕಾಲನ್ನು ಎಲ್ಲಿ ಊರುವುದೆಂದು ತಿಳಿಯದೆ ನಿಲ್ಲುತ್ತೇವಲ್ಲ, ಹಾಗೆ ಆಗಿತ್ತು ಅವಳಿಗೆ.

ಆಮೇಲೆ ಅಲಮಾರದ ಮುಂದೆ ಕೂತು ಬಾಟಲಿಯ ಟೇಪು ಬಿಚ್ಚಿದಳು. ಪ್ರೋಬನ್ನು ಎಳೆದು, ಹಿಂದಿನ ಸುರುಳಿಯನ್ನು ಬಿಡಿಸತೊಡಗಿದಳು.

“ಏನು ಮಾಡಾಕತ್ತೀಯವ್ವಾ?” ಕಸ್ತೂರೆಮ್ಮ ಕೇಳಿದಳು.

“ನಿಮ್ಮ ಮಗ ಲಿಂಕ್ ಮಾಡು ಅಂದಾರಲ್ರಿ. ಅದನ್ನ ಮಾಡಾಕತ್ತೀನಿ.”

ಕಸ್ತೂರೆಮ್ಮ ಎದ್ದು ಅಡ್ಡ ಬಂದಳು. ತಂತಿ ಹಿಡಿದು ಎಳೆಯಬೇಕೆಂದರೆ ಅಂಬಿಕಾಳ ಕೈಗೆ ಕೈ ತಾಕುತ್ತಿತ್ತು. ಮುದುಕಿಯ ಕೈ ಮುಂದೆ ಬಂದು ಗಾಳಿಯಲ್ಲೇ ನಿಂತಿತು, ಬೆರಳುಗಳು ಮಡಚಿಕೊಂಡವು. ಅವಳು ಮಗನಿಗೆ ಫೋನ್ ಮಾಡಲು ತಿರುಗಿದಳು. ಅಂಬಿಕಾ ಕಿಟಕಿಯ ತೂತಿನಿಂದ ತಂತಿಯನ್ನು ಹೊರಗೆ ನೂಕಿದಳು. ಆ ಕಡೆಯಿಂದ ಯಾರೋ ಅದನ್ನು ಎಳೆದುಕೊಂಡರು. ದಾದೇಸಾಬ. ಅವಳು ಏನೂ ಹೇಳಿರಲಿಲ್ಲ. ತಂತಿಯನ್ನು ಹೆಗಲ ಮೇಲೆ ಹಾಕಿಕೊಂಡು ಅವನೇ ಏಣಿ ಹತ್ತಿ, ತಗಡು ಎತ್ತಿ ಪ್ರೋಬನ್ನು ಇಳಿಬಿಟ್ಟ.

ಪರದೆಯ ಮೇಲೆ ಅಂಕೆ ಬದಲಾಯಿತು. ಟಿಡಿಎಸ್ ಐನೂರ ನಲವತ್ತು. ಬಗ್ಗಡ ಹತ್ತೊಂಬತ್ತು. ಉಷ್ಣತೆ ಮೂವತ್ತಾರು. ಮರುನಿಮಿಷ ಬಗ್ಗಡ ಇಪ್ಪತ್ತೆರಡಾಯಿತು. ಪ್ರತಿ ನಿಮಿಷವೂ ಸಂಖ್ಯೆ ಕೆಂಪಾಗಿ ಮೂಡಿ ಸಿಂಧನೂರಿಗೆ ಹೋಗುತ್ತಿತ್ತು. ಹದಿನೇಳನೆಯ ರೀಡಿಂಗ್ ಹೋದ ಮೇಲೆ ಸಿದ್ದಲಿಂಗೇಶನ ಬೈಕು ಬಂದು ನಿಂತಿತು. ಅವನು ಒಳಗೆ ನುಗ್ಗಿ ಗೋಡೆಯ ಡಬ್ಬಿಯನ್ನೇ ಕಿತ್ತು ನೆಲಕ್ಕೆ ಬಡಿದ. ಆ ಹೊತ್ತಿಗೆ ಆಫೀಸಿನ ಫೋನು ಹೊಡೆದುಕೊಳ್ಳುತ್ತಿತ್ತು. ಯಾರೂ ಎತ್ತಲಿಲ್ಲವೆಂದು ಅಂಬಿಕಾ ಎತ್ತಿದಳು.

“ನಾನು ಶೈಲಜಾ, ಶಾಲೆಯ ವಾರ್ಡನ್. ಏನ್ರಿ ಇದು ನಂಬರು? ಮಷಿನ್ ಕೆಟ್ಟೈತೇನು?”

“ಮಷಿನ್ ಇವತ್ತೇ ಸರಿ ಆಗೇತ್ರಿ ಮೇಡಂ. ಇದು ಟ್ಯಾಂಕಿನ ನೀರು. ಇಷ್ಟು ದಿನ ನೀವು ನೋಡಿದ್ದು ಬಾಟ್ಲಿ ನೀರಿಂದು. ಬಂದು ನೋಡ್ರಿ. ಮಕ್ಕಳಿಗೆ ಆ ನೀರು ಕೊಡಬ್ಯಾಡ್ರಿ.”

ಶೈಲಜಾ ತೀರ ಸಣ್ಣ ದನಿಯಲ್ಲಿ ಅಂದಳು: “ಹೋದ ತಿಂಗಳು ನಮ್ಮಲ್ಲಿ ಇಪ್ಪತ್ತೇಳು ಹುಡುಗ್ರಿಗೆ ವಾಂತಿ ಭೇದಿ ಆತು. ಇಬ್ರು ದವಾಖಾನಿಯಾಗ ನಾಲ್ಕು ದಿನ ಇದ್ರು. ಅಡಗಿ ಮಾಡೋ ಅಮರೇಶ್ವರಿನ್ನ ಕೆಲಸದಿಂದ ತೆಗೆದ್ವಿ. ನೀರು ಶುದ್ಧ ಐತಿ, ಕಂಪ್ಯೂಟರ್ ನೋಡ್ರಿ ಅಂತ ಪಾಲಕರಿಗೆ ಪರದೆ ತೋರಿಸಿದಾಕಿ ನಾನೇ.”

ಒಂದು ಗಂಟೆಯೊಳಗೆ ಅವಳು ಶಾಲೆಯ ಜೀಪಿನಲ್ಲಿ ಬಂದಳು. ಗೇಟಿಗೆ ಬೀಗ ಬಿದ್ದಿತ್ತು. ಅಂಬಿಕಾಳನ್ನೂ ದಾದೇಸಾಬನನ್ನೂ ಹೊರಗೆ ಹಾಕಿಯಾಗಿತ್ತು. ಶೈಲಜಾ ಜೀಪನ್ನು ಶೆಡ್ಡಿನ ಹಿಂಬದಿಯ ಕಾಂಪೌಂಡಿಗೆ ತಾಗಿಸಿ ನಿಲ್ಲಿಸಿ, ಅದರ ಚಾವಣಿಯ ಮೇಲೆ ಹತ್ತಿ ಟ್ಯಾಂಕಿನೊಳಗೆ ನೋಡಿದಳು. ತಗಡು ತೆರೆದೇ ಇತ್ತು. ಇಳಿದು ಬಂದು ಸೀರೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ರಸ್ತೆಯ ಬದಿಗೆ ಕೂತಳು.

ಮರುದಿನ ಆರೋಗ್ಯ ಇಲಾಖೆಯವರು ಬಂದು ನೀರಿನ ಮಾದರಿ ತೆಗೆದುಕೊಂಡು ಹೋದರು. ಘಟಕ ಮುಚ್ಚಿತು. ಶಾಲೆಗೆ ಬೇರೆ ಕಡೆಯಿಂದ ನೀರು ಬಂತು. ಇಷ್ಟಕ್ಕೇ ಮುಗಿದಿದ್ದರೆ ಅಂಬಿಕಾಳ ಬಾಯೊಳಗಿನ ಕೆಟ್ಟ ರುಚಿ ಎಂದಾದರೂ ಹೋಗುತ್ತಿತ್ತೇನೋ.

ನಾಲ್ಕನೆಯ ದಿನ ಮುಕ್ತಿಯಾರ್ ಅವಳನ್ನು ಅಂಗಡಿಯ ಒಳಕೋಣೆಗೆ ಕರೆದು ಒಂದು ಹಾಳೆ ಮುಂದಿಟ್ಟ. ಶಾಲೆಯ ಆಡಳಿತ ಮಂಡಳಿಯವರೂ ಸಿದ್ದಲಿಂಗೇಶನೂ ಕೂಡಿ ಕೂತು ಬರೆಸಿದ್ದಂತೆ. ‘ಅಡಾಪ್ಟರ್ ಮತ್ತು ಕಂಪ್ಯೂಟರ್ ನಡುವಿನ ಸಂಪರ್ಕ ಜೋಡಣೆಯಲ್ಲಿ ತಾಂತ್ರಿಕ ದೋಷ ಇದ್ದುದರಿಂದ ಕೆಲಕಾಲ ತಪ್ಪು ರೀಡಿಂಗ್ ಬಂದಿರುತ್ತದೆ’ ಎಂದು ಟೈಪಾಗಿತ್ತು. ಕೆಳಗೆ ಅವಳ ಹೆಸರು, ಸಹಿಗೆ ಜಾಗ.

“ಯಾರಿಗೂ ತ್ರಾಸಿಲ್ಲ,” ಅಂದ ಮುಕ್ತಿಯಾರ್. “ಶಾಲಿ ಹೆಸರು ಉಳೀತೈತಿ. ಮಷಿನ್ ಅಂದ್ರ ತಪ್ಪು ಆಗ್ತಾವ, ಯಾರೂ ಏನೂ ಅನ್ನಂಗಿಲ್ಲ.”

“ಅಮರೇಶ್ವರಿ?”

“ಯಾರು?”

ಅವಳು ಹಾಳೆಯನ್ನು ಎರಡು ಸಲ ಓದಿದಳು. ಆ ಇಡೀ ಘಟಕದಲ್ಲಿ ಸರಿಯಿದ್ದದ್ದು ಒಂದೇ, ತಾನು ಹಾಕಿದ ಲಿಂಕ್. ಇವರಿಗೆ ಕೆಟ್ಟದ್ದೆಂದು ಕಂಡದ್ದು ಅದೊಂದೇ. ಅವಳು ಪೆನ್ನು ತೆಗೆದು ಟೈಪಾದ ಸಾಲುಗಳ ಮೇಲೆ ಗೀಟು ಎಳೆದು, ಕೆಳಗೆ ತನ್ನ ಕೈಯಲ್ಲಿ ಬರೆದಳು: ‘ನಾನು ಹೋದಾಗ ಪ್ರೋಬ್ ಟ್ಯಾಂಕಿನಲ್ಲಿರಲಿಲ್ಲ. ಬಾಟಲಿಯಲ್ಲಿತ್ತು. ಟ್ಯಾಂಕಿನ ನೀರಿನಲ್ಲಿ ಸತ್ತ ಹಕ್ಕಿ ಮತ್ತು ಹುಳ ಇದ್ದವು. ಮಕ್ಕಳಿಗೆ ಹೋಗುತ್ತಿದ್ದದ್ದು ಅದೇ ನೀರು. ಸಂಪರ್ಕ ಜೋಡಣೆಯಲ್ಲಿ ಯಾವ ದೋಷವೂ ಇರಲಿಲ್ಲ.’ ತಾರೀಖು ಹಾಕಿ ಸಹಿ ಮಾಡಿದಳು. ಮುಕ್ತಿಯಾರ್ ಓದಿ ಮುಗಿಸುವ ಮುಂಚೆ ಹಾಳೆ ಕಿತ್ತುಕೊಂಡು ಎದುರಿನ ಅಂಗಡಿಗೆ ಹೋಗಿ ನಾಲ್ಕು ಜೆರಾಕ್ಸ್ ತೆಗೆಸಿದಳು. ಮೂಲ ಹಾಳೆಯನ್ನು ತಂದು ಅವನ ಮೇಜಿನ ಮೇಲಿಟ್ಟಳು.

“ನಾಳೆಯಿಂದ ಬರಬ್ಯಾಡ,” ಅಂದ ಮುಕ್ತಿಯಾರ್. ಸಿಟ್ಟಿನಿಂದಲ್ಲ. ಅವಳ ಕಡೆ ನೋಡಲಾರದೆ, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತಿರುಗಿಸುತ್ತ ಅಂದ.

ಒಂದು ಪ್ರತಿ ಆರೋಗ್ಯ ಇಲಾಖೆಗೆ ಹೋಯಿತು. ಇನ್ನೆರಡನ್ನು ಇಬ್ಬರು ಪಾಲಕರಿಗೆ ಶೈಲಜಾಳೇ ಮುಟ್ಟಿಸಿದಳು. ಅದಕ್ಕಾಗಿ ಅವಳಿಗೂ ಆಡಳಿತ ಮಂಡಳಿಯ ನೋಟಿಸು ಬಂತು. ಆರು ವಾರದ ನಂತರ ದಾದೇಸಾಬ ಫೋನ್ ಮಾಡಿ, ಸಿದ್ದಲಿಂಗೇಶ ಊರಿನ ಆಚೆ ಬದಿಗೆ ಬೇರೆ ಹೆಸರಿನಲ್ಲಿ ಹೊಸ ಬೋರ್ಡು ಹಾಕಿದ್ದಾನೆಂದೂ, ತನ್ನನ್ನು ಕರೆದರೂ ತಾನು ಹೋಗಲಿಲ್ಲವೆಂದೂ ಹೇಳಿದ. ಆ ಹೊತ್ತಿಗೆ ಅಂಬಿಕಾ ಸಿಂಧನೂರಿನ ತೂಕದ ಯಂತ್ರದ ಅಂಗಡಿಯೊಂದರಲ್ಲಿ ಕೆಲಸ ಹಿಡಿದಿದ್ದಳು. ಭಾನುವಾರಗಳಂದು ತಾನು ಲಿಂಕ್ ಹಾಕಿದ್ದ ಹನ್ನೊಂದು ಘಟಕಗಳಿಗೆ ಒಂದೊಂದಾಗಿ ಹೋಗುತ್ತಿದ್ದಳು. ಏಳು ಕಡೆ ತಂತಿ ಟ್ಯಾಂಕಿಗೇ ಹೋಗಿತ್ತು. ಎರಡು ಕಡೆ ಹೋಗಿರಲಿಲ್ಲ. ಇನ್ನೆರಡು ಕಡೆ ಅವಳನ್ನು ಒಳಗೆ ಬಿಡಲಿಲ್ಲ. ನಾಲ್ಕರ ಹೆಸರನ್ನೂ ಅವಳು ಇಲಾಖೆಗೆ ಬರೆದು ಕಳಿಸಿದಳು. ಉತ್ತರ ಇನ್ನೂ ಬಂದಿಲ್ಲ.

ಅಮರೇಶ್ವರಿಯ ಮನೆ ಸಿಂಧನೂರಿನಲ್ಲಿ ಕಾಲುವೆಯ ಹತ್ತಿರದ ಒಂದು ಸಾಲಿನಲ್ಲಿತ್ತು. ಒಂದು ಸಂಜೆ ಅಂಬಿಕಾಳೂ ಶೈಲಜಾಳೂ ಕೂಡಿಯೇ ಹೋದರು. ನಲವತ್ತೈದರ ಗಟ್ಟಿ ಹೆಂಗಸು, ಹೊರಗೆ ಕೂತು ಅಕ್ಕಿ ಆರಿಸುತ್ತಿದ್ದಳು. ಈಗ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ. ಶೈಲಜಾಳನ್ನು ನೋಡಿದರೂ ಏಳಲಿಲ್ಲ.

“ಅಮರೇಶ್ವರಿ, ತಪ್ಪು ನಮ್ದು,” ಅಂದಳು ಶೈಲಜಾ. “ನೀರಿನ್ಯಾಗಿತ್ತು. ನಿನ್ನ ಕೈಯಾಗಲ್ಲ.”

“ನಂಗೊತ್ತಿತ್ತು ರೀ. ನನ್ನ ಕೈ ನಂಗ ಗೊತ್ತಿರಲ್ಲೇನು?” ಮೊರದಿಂದ ಒಂದು ಕಲ್ಲು ಆಯ್ದು ಬಿಸಾಕಿದಳು. “ಮುನ್ನೂರು ಹುಡುಗ್ರ ಮುಂದ ಉಗುರು ನೋಡಿದ್ರಿ. ಕೈ ಮೂಸಿ ನೋಡಿದ್ರಿ. ನೀವೂ ಮೂಸಿದ್ರಿ ಮೇಡಂ. ಅವತ್ತಿನಿಂದ ಈ ಓಣ್ಯಾಗ ನನ್ನ ಕೈಯಿಂದ ಒಬ್ರೂ ಒಂದು ತುತ್ತು ಇಸ್ಕೊಂಡಿಲ್ಲ.”

ಶೈಲಜಾ ತಲೆ ತಗ್ಗಿಸಿದಳು. “ಮತ್ತ ಕೆಲಸಕ್ಕ ಬಾ. ನಾ ಮಾತಾಡ್ತೀನಿ.”

“ಒಲ್ಲೆ. ಆ ಅಡಗಿಮನಿಗೆ ಮತ್ತ ಕಾಲಿಡಂಗಿಲ್ಲ.”

ಅಂಬಿಕಾ ಚೀಲದಿಂದ ಕೊನೆಯ ಜೆರಾಕ್ಸ್ ತೆಗೆದು ಅವಳ ಮುಂದೆ ಹಿಡಿದಳು. ಅಮರೇಶ್ವರಿ ಹಾಳೆಯನ್ನು ಹಿಂದುಮುಂದು ತಿರುಗಿಸಿ ನೋಡಿದಳು.

“ನಂಗ ಓದಾಕ ಬರಂಗಿಲ್ಲ. ನೀನಾ ಬರದಿದ್ದು?”

“ಹೂಂ ಅಕ್ಕ.”

“ಹಂಗಾರ ನೀನಾ ಓದು. ಇಲ್ಲಿ ಕುಂತಲ್ಲ, ಅಲ್ಲಿ ರಸ್ತೆದಾಗ ನಿಂತು ಓದು. ಜೋರಾಗಿ ಓದು.”

ಅಂಬಿಕಾ ಓಣಿಯ ನಡುವೆ ಹೋಗಿ ನಿಂತಳು. ಜೋರಾಗಿ ಓದಿ ಅವಳಿಗೆ ಅಭ್ಯಾಸವಿರಲಿಲ್ಲ. ಆದರೂ ದನಿ ಎತ್ತಿ ಬಾಟಲಿ, ಹಕ್ಕಿ, ಹುಳ ಎಲ್ಲವನ್ನೂ ಓದಿದಳು. ಓದಿ ಮುಗಿಸುವಾಗ ಎದುರು ಮನೆಯ ಹೆಂಗಸು ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

“ಈಗ ಬಂದಾಳ ಆಕಿ, ಕೇಳಿಲ್ಲ,” ಅಂದಳು ಅಮರೇಶ್ವರಿ. “ಮೊದಲಿನಿಂದ ಓದು.”

ಅಂಬಿಕಾ ಮೊದಲಿನಿಂದ ಓದಿದಳು.